ಮನೆಗಂದಾಯವೂ ಮಾತನಾಡುವ ಯಂತ್ರವೂ

ಶ್ರವಣಬೆಳಗೊಳವು ಹಾಸನ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿಗೆ ಸೇರಿದ ಪುಣ್ಯಕ್ಷೇತ್ರ. ಅಲ್ಲಿಯ ಭಂಡಾರಿ ಬಸದಿಯಲ್ಲಿ ಕ್ರಿ.ಶ. 1368ರ ಶಿಲಾಶಾಸನವೊಂದಿದೆ. ಜೈನರಿಗೂ ಶ್ರೀವೈಷ್ಣವರಿಗೂ ಒದಗಿದ್ದ ವಿವಾದವನ್ನು ವಿಜಯನಗರದ ಬುಕ್ಕರಾಯನು ಬಗೆಹರಿಸಿದ ಸಂಗತಿ ಅದರಲ್ಲಿ ಬರೆದಿದೆ. ಜೈನರು ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ಕೊಡಬೇಕು. ಆ ಹಣದಿಂದ ಬೆಳಗೊಳದ ದೇವರ ಅಂಗರಕ್ಷಣೆಗೆ 20 ಮಂದಿಯನ್ನು ನೇಮಿಸಬೇಕು. ಮಿಕ್ಕುದನ್ನು ಜೀರ್ಣವಾದ ಬಸದಿಗಳ ದುರಸ್ತಿಗೆ ಬಳಸಬೇಕು ಎಂಬುದೂ ಅದರಲ್ಲಿದೆ.

ಇದು ಇಂದಿನ ಮನೆಗಂದಾಯದಂತಹ ತೆರಿಗೆಯಲ್ಲ. ಆದರೂ ಇದರಿಂದ ನಾವು ತಿಳಿಯಬೇಕಾದುದು ಒಂದಿದೆ. ಕೊಡತಕ್ಕವರು ಯಾರು, ಕೊಡತಕ್ಕದ್ದು ಎಷ್ಟು, ಅದು ಯಾವುದಕ್ಕೆ ವೆಚ್ಚವಾಗುವುದು ಎಂಬ ಮೂರು ಸಂಗತಿಗಳೂ ಜನರ ಭಾಷೆಯಾದ ಕನ್ನಡದಲ್ಲಿ, ಜನರು ಸೇರುವ ಸ್ಥಳದಲ್ಲಿ ಬರೆಯಲ್ಪಟ್ಟಿದ್ದವು. ಓದಲು ಬಾರದವನು ಬಲ್ಲವರಿಂದ ಓದಿಸಿ ಕೇಳಬಹುದಾಗಿತ್ತು. ತೆರುವವನಿಗೆ ನಿಯಮವು ತಿಳಿದಿರಬೇಕೆಂಬುದು ನ್ಯಾಯದ ಮೊದಲ ಮೆಟ್ಟಿಲು.

ಇಂದಿನ ಊರುಗಳ ಆಡಳಿತ ಅಷ್ಟು ಸರಳವಲ್ಲ. ಬೀದಿದೀಪ, ಚರಂಡಿ, ರಸ್ತೆ, ಕಸವಿಲೇವಾರಿ ಮುಂತಾದ ಕಾರ್ಯಗಳಿಗೆ ಹಣ ಬೇಕು. ಅದರ ಒಂದು ಮುಖ್ಯ ಮೂಲವೇ ಆಸ್ತಿ ತೆರಿಗೆ. ಇದರೊಡನೆ ಕೆಲವು ಉಪಕರಗಳೂ ಸೇರುತ್ತವೆ. ತೆರಿಗೆಯ ಪ್ರತಿ ರೂಪಾಯಿಗೆ 6 ಪೈಸೆಯಂತೆ ಸಲ್ಲುವ ಗ್ರಂಥಾಲಯ ಕರವು ಅವುಗಳಲ್ಲಿ ಒಂದು. ನಿಮ್ಮ ಊರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ನೀವು ಓದುವ ಪುಸ್ತಕದಲ್ಲಿ ನಿಮ್ಮ ನೆರೆಹೊರೆಯವರ ಮನೆಗಂದಾಯದ ಪಾಲೂ ಇದೆ ಎಂಬುದನ್ನು ಮರೆಯಬಾರದು.

ನಮ್ಮ ಪಟ್ಟಣಗಳಲ್ಲಿ ಮನೆಯ ಒಡೆಯರೇ ತಮ್ಮ ತೆರಿಗೆಯನ್ನು ಲೆಕ್ಕಹಾಕಿ ಸಲ್ಲಿಸುವ ಪದ್ಧತಿಯಿದೆ. ಇದಕ್ಕೆ ಸ್ವಯಂ ಘೋಷಿತ ಆಸ್ತಿ ತೆರಿಗೆ ಪದ್ಧತಿಯೆಂದು ಹೆಸರು. ಇದರಲ್ಲಿ ಪ್ರಜೆಯ ಮೇಲಿಟ್ಟ ವಿಶ್ವಾಸವಿದೆ. ಹಾಗೆಯೇ ಪ್ರಜೆಯ ಮೇಲೆ ಹೊರಿಸಿದ ಭಾರವೂ ಇದೆ. ನಿವೇಶನದ ಮಾರ್ಗಸೂಚಿ ಬೆಲೆ, ಕಟ್ಟಡದ ವಿಸ್ತೀರ್ಣ, ಅದರ ರಚನೆ, ವಯಸ್ಸು, ಬಳಕೆ ಇವೆಲ್ಲವನ್ನೂ ಗಣನೆಗೆ ತೆಗೆದುಕೊಳ್ಳಬೇಕು. ಅರಕಲಗೂಡಿನ ಬೀದಿಯೊಂದರಲ್ಲಿ ವೃದ್ಧೆಯೊಬ್ಬಳ ಹಳೆಯ ಹೆಂಚಿನ ಮನೆಯಿದೆಯೆಂದು ಭಾವಿಸೋಣ. ಮುಂಭಾಗದ ಕೋಣೆಯನ್ನು ಆಕೆ ದಿನಸಿ ಅಂಗಡಿಗೆ ಬಾಡಿಗೆಗೆ ಕೊಟ್ಟಿದ್ದಾಳೆ. ವಾಸದ ಭಾಗಕ್ಕೆ ಒಂದು ದರ, ಅಂಗಡಿಯ ಭಾಗಕ್ಕೆ ಇನ್ನೊಂದು ದರ. ಮನೆಯೆಲ್ಲವನ್ನೂ ಅಂಗಡಿಯೆಂದು ಲೆಕ್ಕ ಹಿಡಿದರೆ ಆಕೆ ಸಲ್ಲದ ಹಣವನ್ನು ತೆರುತ್ತಾಳೆ. ಅಂಗಡಿಯನ್ನೇ ಕಾಣಿಸದಿದ್ದರೆ ಮುಂದೆ ದಂಡಕ್ಕೆ ಗುರಿಯಾಗುತ್ತಾಳೆ. ತಿಳಿವಳಿಕೆಯಿಲ್ಲದವರ ಬಳಿಗೆ ಮಧ್ಯವರ್ತಿಗಳು ಬರುವುದು ಇಂತಹ ಸಂದರ್ಭದಲ್ಲಿಯೇ.

ಈಚಿನ ವರ್ಷಗಳಲ್ಲಿ ಇಂತಹವರಿಗೆ ಹೊಸದೊಂದು ನೆರವು ಕಾಣಿಸಿಕೊಂಡಿದೆ. ಅದೇ ಕೃತಕ ಬುದ್ಧಿಮತ್ತೆಯಿಂದ ನಡೆಯುವ ಚಾಟ್‌ಬಾಟ್. ಎಂದರೆ ಕೇಳಿದ ಪ್ರಶ್ನೆಗೆ ಮನುಷ್ಯರ ಮಾತಿನಂತೆಯೇ ಉತ್ತರ ಕೊಡುವ ಯಂತ್ರ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಳಕೆಗೆ ಬಂದ ಮೇಲೆ ಇದು ಜನಸಾಮಾನ್ಯರಿಗೂ ಪರಿಚಿತವಾಯಿತು. 2023ರಲ್ಲಿ ಹರಿಯಾಣದ ಬೀವಾನ್ ಗ್ರಾಮದಲ್ಲಿ ‘ಜುಗಲ್‌ಬಂದಿ’ ಎಂಬ ಚಾಟ್‌ಬಾಟನ್ನು ಪ್ರಯೋಗಿಸಲಾಯಿತು. ಸರ್ಕಾರದ ಯೋಜನೆಗಳ ವಿಷಯವನ್ನು ಗ್ರಾಮಸ್ಥರು ತಮ್ಮ ಭಾಷೆಯಲ್ಲಿಯೇ, ಬಾಯಿಮಾತಿನಲ್ಲಿಯೇ ಕೇಳಿ ತಿಳಿಯಲು ಅದು ಅನುವು ಮಾಡಿಕೊಟ್ಟಿತು. ಓದು ಬರಹ ಅರಿಯದವರಿಗೆ ಇದು ಸಣ್ಣ ಉಪಕಾರವಲ್ಲ. ಅಧಿನಿಯಮದ ಬಿಗಿಯಾದ ವಾಕ್ಯವನ್ನು ಬಿಡಿಸಿ ಹೇಳುವುದು, ನಮೂನೆಯ ಯಾವ ಕಲಮಿನಲ್ಲಿ ಏನನ್ನು ಬರೆಯಬೇಕೆಂದು ತಿಳಿಸುವುದು, ಕಚೇರಿಗೆ ಕೊಡುವ ಅರ್ಜಿಯ ಕರಡನ್ನು ಸಿದ್ಧಪಡಿಸುವುದು ಮುಂತಾದ ಕೆಲಸಗಳನ್ನು ಇಂತಹ ಯಂತ್ರ ಬೇಸರವಿಲ್ಲದೆ ಮಾಡಬಲ್ಲದು. ಒಂದೇ ಪ್ರಶ್ನೆಯನ್ನು ಹತ್ತು ಸಲ ಕೇಳಿದರೂ ಅದು ಸಿಡುಕುವುದಿಲ್ಲ.

ಆದರೆ ಈ ಯಂತ್ರದ ಸ್ವಭಾವವನ್ನು ಅರಿಯದೆ ಅದನ್ನು ನಂಬುವುದು ವಿವೇಕವಲ್ಲ. ಅದು ಅಪಾರವಾದ ಬರಹಗಳಿಂದ ಮಾತಿನ ಜಾಡನ್ನು ಕಲಿತು, ಯಾವ ಪದದ ಮುಂದೆ ಯಾವ ಪದ ಬರಬಹುದೆಂದು ಎಣಿಸಿ ಉತ್ತರವನ್ನು ಹೆಣೆಯುತ್ತದೆ. ಆದುದರಿಂದ ತಪ್ಪು ಉತ್ತರವೂ ಸರಿಯುತ್ತರದಷ್ಟೇ ನಿರರ್ಗಳವಾಗಿರುತ್ತದೆ. ಯಾವ ಊರಿನ ವಿಷಯವಾಗಿ ಬರಹಗಳು ಹೆಚ್ಚಾಗಿವೆಯೋ ಆ ಊರಿನ ನಿಯಮವೇ ಅದರ ಬಾಯಲ್ಲಿ ಮೊದಲು ಬರುವ ಸಂಭವವಿದೆ. ಬೆಂಗಳೂರಿನಲ್ಲಿ 2008ರಲ್ಲಿ ವಲಯಗಳನ್ನು ವಿಂಗಡಿಸಿ ಚದರಡಿಗೆ ಇಂತಿಷ್ಟೆಂದು ದರ ಹಿಡಿಯುವ ಪದ್ಧತಿ ಜಾರಿಗೆ ಬಂದಿತು. ಇತರ ಪಟ್ಟಣಗಳಲ್ಲಿ ಆಸ್ತಿಯ ಬಂಡವಾಳ ಮೌಲ್ಯವೇ ಲೆಕ್ಕದ ಆಧಾರ. ಹೊಳೆನರಸೀಪುರದ ಗೃಹಸ್ಥನೊಬ್ಬನು ಊರಿನ ಹೆಸರನ್ನು ಹೇಳದೆ ಪ್ರಶ್ನೆ ಕೇಳಿದರೆ, ಹೇಮಾವತಿಯ ದಡದ ಮನೆಗೆ ಬೆಂಗಳೂರಿನ ಲೆಕ್ಕ ಬಂದು ಕುಳಿತೀತು.

ಊರಿನ ದರ್ಜೆಯ ತೊಡಕು ಮತ್ತೊಂದು. ಹಳ್ಳಿಯ ಮನೆಗೆ 1993ರ ಪಂಚಾಯತ್ ರಾಜ್ ಅಧಿನಿಯಮ, ಪಟ್ಟಣದ ಮನೆಗೆ 1964ರ ಪುರಸಭೆಗಳ ಅಧಿನಿಯಮ, ಬೆಂಗಳೂರಿನ ಹೊರತಾದ ಮಹಾನಗರ ಪಾಲಿಕೆಗಳಿಗೆ 1976ರ ಅಧಿನಿಯಮ ಅನ್ವಯಿಸುತ್ತವೆ. ಹಾಸನದಂತಹ ಬೆಳೆಯುವ ನಗರದ ಅಂಚಿನಲ್ಲಿ ನಿನ್ನೆ ಗ್ರಾಮ ಪಂಚಾಯಿತಿಗೆ ಸೇರಿದ್ದ ಬಡಾವಣೆಯು ನಾಳೆ ನಗರದ ಎಲ್ಲೆಯೊಳಕ್ಕೆ ಬರಬಹುದು. ಮನೆ ಇದ್ದಲ್ಲಿಯೇ ಇರುತ್ತದೆ. ನಿಯಮ ಮಾತ್ರ ಬದಲಾಗುತ್ತದೆ. ಹಳೆಯ ಬರಹಗಳನ್ನು ಮಾತ್ರ ಓದಿ ಕಲಿತ ಯಂತ್ರಕ್ಕೆ ಈ ಬದಲಾವಣೆ ತಿಳಿಯದು.

ಇಂತಹ ಪ್ರಮಾದಗಳು ಮುಂದುವರಿದ ದೇಶಗಳಲ್ಲಿಯೂ ಸಂಭವಿಸಿವೆ. ನ್ಯೂಯಾರ್ಕ್ ನಗರಾಡಳಿತವು 2023ರಲ್ಲಿ ವ್ಯಾಪಾರಿಗಳ ನೆರವಿಗಾಗಿ ಚಾಟ್‌ಬಾಟೊಂದನ್ನು ತೆರೆಯಿತು. 2024ರ ಮಾರ್ಚಿಯಲ್ಲಿ ಪತ್ರಕರ್ತರು ಅದನ್ನು ಪರೀಕ್ಷಿಸಿದಾಗ, ಗ್ರಾಹಕರು ಕೆಲಸಗಾರರಿಗೆ ಕೊಟ್ಟ ಭಕ್ಷೀಸನ್ನು ಮಾಲೀಕರು ತೆಗೆದುಕೊಳ್ಳಬಹುದೆಂದು ಅದು ಹೇಳಿತು. ಅಲ್ಲಿಯ ಕಾನೂನಿಗೆ ಇದು ತೀರ ವಿರುದ್ಧವಾದುದು. ನಗರಾಡಳಿತವೇ ತೆರೆದ ಯಂತ್ರವಾದರೂ ಅದರ ಮಾತು ಕಾನೂನಾಗಲಿಲ್ಲ.

ಹಾಗಾದರೆ ಈ ಸಾಧನವನ್ನು ತೊರೆಯಬೇಕೆ? ಬೇಕಾಗಿಲ್ಲ. ಕೇಳುವ ರೀತಿಯನ್ನು ಕಲಿತರೆ ಸಾಕು. ಪ್ರಶ್ನೆಯಲ್ಲಿ ಊರು, ಸ್ಥಳೀಯ ಸಂಸ್ಥೆ, ಯಾವ ವರ್ಷದ ತೆರಿಗೆ, ಕಟ್ಟಡದ ಬಳಕೆ ಇವನ್ನು ಸ್ಪಷ್ಟವಾಗಿ ಹೇಳಬೇಕು. ಉತ್ತರವು ಯಾವ ಅಧಿನಿಯಮದ ಯಾವ ಪ್ರಕರಣವನ್ನು ಆಧರಿಸಿದೆಯೆಂದು ಕೇಳಬೇಕು. ಆಮೇಲೆ ಆ ಪ್ರಕರಣವನ್ನು ಮೂಲದಲ್ಲಿ ನೋಡಬೇಕು. ದರವನ್ನು ಸ್ಥಳೀಯ ಸಂಸ್ಥೆಯ ಕಚೇರಿಯಲ್ಲಿ ವಿಚಾರಿಸಬೇಕು. ಆಧಾರ್ ಸಂಖ್ಯೆಯನ್ನಾಗಲಿ, ಬ್ಯಾಂಕಿನ ಗುಟ್ಟಿನ ಅಂಕಿಗಳನ್ನಾಗಲಿ ಯಂತ್ರಕ್ಕೆ ಎಂದಿಗೂ ತಿಳಿಸಬಾರದು. ಖಾತೆಯಿದ್ದ ಮಾತ್ರಕ್ಕೆ ಒಡೆತನ ಸಿದ್ಧವಾಗುವುದಿಲ್ಲವೆಂಬುದೂ ನೆನಪಿರಲಿ. ಖಾತೆ ತೆರಿಗೆಯ ಲೆಕ್ಕಕ್ಕಾಗಿ ಇರುವ ದಾಖಲೆ. ಇದನ್ನು ಅರಿತವನು ಯಂತ್ರವು ಎಡವಿದಾಗ ಅದನ್ನು ಗುರುತಿಸಬಲ್ಲನು.

ಆಡಳಿತದ ಹೊಣೆಯೂ ಇಲ್ಲಿ ಕಡಿಮೆಯಿಲ್ಲ. ಪ್ರತಿ ಪಟ್ಟಣದ ದರಪಟ್ಟಿಯೂ ನಿಯಮಗಳೂ ತಿಳಿಗನ್ನಡದಲ್ಲಿ, ವರ್ಷವರ್ಷವೂ ತಿದ್ದಿದ ರೂಪದಲ್ಲಿ ಎಲ್ಲರಿಗೂ ದೊರೆಯುವಂತಿದ್ದರೆ ಯಂತ್ರದ ಉತ್ತರವೂ ಸುಧಾರಿಸುತ್ತದೆ, ಯಂತ್ರವಿಲ್ಲದವನಿಗೂ ಸಹಾಯವಾಗುತ್ತದೆ. ಮನೆಯಲ್ಲಿ ತೆರಿಗೆಯ ಕಾಗದ ಬಂದಾಗ ಹಿರಿಯರು ನಿಮ್ಮನ್ನು ಕರೆದು ಓದಿಸುವ ದಿನ ದೂರವಿಲ್ಲ. ಅಂದು ನೀವು ಯಂತ್ರವನ್ನು ಕೇಳಿರಿ, ನಿಯಮವನ್ನೂ ಓದಿರಿ. ಎರಡೂ ಹೊಂದದಿದ್ದಲ್ಲಿ ಕಚೇರಿಗೆ ಹೋಗಿ ವಿಚಾರಿಸಿರಿ.

ಅಭ್ಯಾಸ

1. 1368ರ ಶಾಸನದಿಂದ ತೆರುವವರಿಗೆ ತಿಳಿಯುತ್ತಿದ್ದ ಮೂರು ಸಂಗತಿಗಳಾವುವು?
2. ಹೊಳೆನರಸೀಪುರದ ಮನೆಗೆ ಬೆಂಗಳೂರಿನ ಲೆಕ್ಕ ಬರುವ ಸಂಭವವೇಕೆ?
3. ನಿಮ್ಮ ಮನೆಯ ತೆರಿಗೆ ರಸೀದಿಯನ್ನು ಹಿರಿಯರ ಅನುಮತಿ ಪಡೆದು ನೋಡಿ, ಅದರಲ್ಲಿರುವ ಉಪಕರಗಳನ್ನು ಪಟ್ಟಿಮಾಡಿರಿ.