ಹಾಲಿನ ಬಾಟಲೂ ಹಾಲುಹಲ್ಲೂ

ಕಳೆದ ಸಾರಿ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರು ಕೂಡಿದಾಗ, ಕಂಪ್ಲಿಯ ಕಡೆಗೆ ಮದುವೆಯಾಗಿ ಹೋದ ಒಬ್ಬಾಕೆಯು ತನ್ನ ಎರಡೂವರೆ ವರ್ಷದ ಮಗನನ್ನು ಎತ್ತಿಕೊಂಡು ಬಂದಿದ್ದಳು. ಮಗುವು ಬಹು ಚೂಟಿ; ಆದರೆ ಅದು ನಕ್ಕಾಗ, ಮೇಲಿನ ನಾಲ್ಕು ಬಾಚಿಹಲ್ಲುಗಳಿರಬೇಕಾದ ಸ್ಥಳದಲ್ಲಿ ಕಂದುಬಣ್ಣದ ಮೋಟುಗಳು ಮಾತ್ರ ಕಾಣಿಸಿದವು. ಕೆಳಗಿನ ಹಲ್ಲುಗಳಾದರೋ ಮಲ್ಲಿಗೆಯ ಮೊಗ್ಗಿನಂತೆ ಬೆಳ್ಳಗಿದ್ದವು. ನಾವು ವಿಚಾರಿಸಿದ್ದಕ್ಕೆ ಆಕೆಯು, “ಹಾಲುಹಲ್ಲು ತಾನೇ ಟೀಚರಮ್ಮಾ, ಹೇಗೂ ಬಿದ್ದುಹೋಗತಕ್ಕವು” ಎಂದಳು. ಜೊತೆಯಲ್ಲಿದ್ದ ಆಕೆಯ ಅತ್ತೆಯವರು, ಹುಳು ಹತ್ತಿ ಹಲ್ಲು ತಿಂದಿದೆಯೆಂದು ಹೇಳಿದರು. ಈ ಎರಡು ಮಾತುಗಳನ್ನೂ ನಾವು ಹೊಸಪೇಟೆ, ಸಂಡೂರು, ಹಂಪಿಯ ಸುತ್ತಲಿನ ಅನೇಕ ಮನೆಗಳಲ್ಲಿ ಕೇಳಿರುವದರಿಂದ, ಈ ಸಂಚಿಕೆಯಲ್ಲಿ ಅದನ್ನೇ ಕುರಿತು ಬರೆಯಲು ಮನಸ್ಸುಮಾಡಿದೆವು.

ಒಂದೇ ಬಾಯಿ, ಒಂದೇ ಹಾಲು. ಮೇಲಿನ ಹಲ್ಲುಗಳು ಕರಗಿದರೆ ಕೆಳಗಿನವು ಉಳಿದದ್ದು ಹೇಗೆ? ಹುಳುವಾಗಿದ್ದರೆ ಅದು ಮೇಲು ಕೀಳೆಂದು ನೋಡುತ್ತಿತ್ತೇ? ಮಲಗಿರುವ ಮಗುವಿನ ಬಾಯಲ್ಲಿ ಬಾಟಲಿನ ರಬ್ಬರು ತೊಟ್ಟನ್ನು ಇಟ್ಟು ನೋಡಿದರೆ ಉತ್ತರವು ತಾನೇ ತಿಳಿಯುವದು. ಚೀಪುವಾಗ ನಾಲಿಗೆಯು ಮುಂದಕ್ಕೆ ಬಂದು ಕೆಳಗಿನ ಬಾಚಿಹಲ್ಲುಗಳನ್ನು ಮುಚ್ಚಿಕೊಳ್ಳುವದು. ನಾಲಿಗೆಯ ಕೆಳಗೆ ಒಸರುವ ಲಾಲಾರಸವೂ ಅವುಗಳನ್ನು ತೊಳೆಯುವದು. ಮೇಲಿನ ಹಲ್ಲುಗಳಿಗೆ ಈ ಆಸರೆಯಿಲ್ಲ. ಮಗುವು ತೊಟ್ಟನ್ನು ಕಚ್ಚಿಕೊಂಡೇ ನಿದ್ರೆಹೋದರೆ ಸಿಹಿಹಾಲು ಅವುಗಳ ಸುತ್ತ ಮಡುಗಟ್ಟಿ ನಿಲ್ಲುವದು. ನಿದ್ರೆಯಲ್ಲಿ ನುಂಗುವದು ಅಪರೂಪ, ಲಾಲಾರಸವೂ ಬಹಳ ಕಡಿಮೆ. 1962ರಲ್ಲಿ ಫಾಸ್ ಎಂಬ ದಂತವೈದ್ಯರು ಈ ಲಕ್ಷಣವನ್ನು ವರ್ಣಿಸಿ, ಅದಕ್ಕೆ ಬಾಟಲಿನ ಹೆಸರನ್ನೇ ಇಟ್ಟರು.

ಹುಳುವೆಂಬುದು ಪೂರ್ತಿ ಸುಳ್ಳಲ್ಲ. ಆದರೆ ಅದು ಕಣ್ಣಿಗೆ ಕಾಣದ ಸೂಕ್ಷ್ಮಾಣು. 1924ರಲ್ಲಿ ಇಂಗ್ಲೆಂಡಿನ ಕ್ಲಾರ್ಕ್ ಎಂಬವರು ಹುಳುಕುಹಲ್ಲುಗಳಲ್ಲಿ ಕಂಡುಹಿಡಿದ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಎಂಬದು ಅವುಗಳಲ್ಲಿ ಮುಖ್ಯವಾದದ್ದು. ಇದು ಹುಟ್ಟುವಾಗ ಶಿಶುವಿನ ಬಾಯಲ್ಲಿರದು. ತಾಯಿಯೋ ಅಜ್ಜಿಯೋ ತಾವು ಬಾಯಿಗಿಟ್ಟ ಚಮಚದಿಂದಲೇ ಮಗುವಿಗೆ ಉಣಿಸುವಾಗ ಅವರ ಎಂಜಲಿನಿಂದ ಬರುವದು. ಈ ಸೂಕ್ಷ್ಮಾಣುಗಳು ಸಕ್ಕರೆಯನ್ನುಂಡು ಆಮ್ಲವನ್ನು ಹುಟ್ಟಿಸುವವು. ಆ ಆಮ್ಲವು ಹಲ್ಲಿನ ಮೇಲಣ ಕವಚದ ಸುಣ್ಣವನ್ನು ಕರಗಿಸುವದು. ಅಮೆರಿಕದ ಸ್ಟೀಫನ್ ಎಂಬವರು 1940ರ ದಶಕದಲ್ಲಿ ಇದನ್ನು ಅಳೆದು ತೋರಿಸಿದರು: ಸಿಹಿ ತಗುಲಿದ ಕೆಲವೇ ನಿಮಿಷಗಳಲ್ಲಿ ಆಮ್ಲವು ಏರುವದು, ಅದು ಪುನಃ ಇಳಿಯಲು ಅರ್ಧ ಗಂಟೆಯೋ ಅದಕ್ಕಿಂತ ಹೆಚ್ಚೋ ಹಿಡಿಯುವದು. ಆದುದರಿಂದ ಎಷ್ಟು ಸಕ್ಕರೆ ಎಂಬುದಕ್ಕಿಂತಲೂ ಎಷ್ಟು ಹೊತ್ತು, ಎಷ್ಟು ಸಾರಿ ಎಂಬುದನ್ನು ತಾಯಂದಿರು ಹೆಚ್ಚಾಗಿ ಲೆಕ್ಕಿಸತಕ್ಕದ್ದು. ಹಬ್ಬದಲ್ಲಿ ಒಂದು ಹೋಳಿಗೆಯನ್ನು ತಿಂದು ನೀರು ಕುಡಿದ ಮಗುವಿಗಿಂತ, ರಾತ್ರಿಯೆಲ್ಲಾ ಗುಟುಕು ಗುಟುಕಾಗಿ ಸಿಹಿಹಾಲು ಚೀಪುವ ಮಗುವಿಗೆ ಅಪಾಯವು ಹೆಚ್ಚು.

ನಮ್ಮದು ಕಬ್ಬಿನ ಸೀಮೆ. ವಿಜಯನಗರದ ಅರಸರು ತೋಡಿಸಿದ ಕಾಲುವೆಗಳೂ, 1953ರಲ್ಲಿ ನೀರು ತುಂಬಿದ ತುಂಗಭದ್ರಾ ಜಲಾಶಯವೂ ಹೊಸಪೇಟೆಯಿಂದ ಕಂಪ್ಲಿಯವರೆಗೆ ಬತ್ತ, ಬಾಳೆ, ಕಬ್ಬುಗಳನ್ನು ಬೆಳೆಸಿವೆ. ಹೊಸಪೇಟೆಯಲ್ಲಿ ಸಕ್ಕರೆ ಕಾರ್ಖಾನೆಯೂ ಬಹುಕಾಲ ನಡೆಯಿತು. ಇಂಥ ಸೀಮೆಯಲ್ಲಿ ಹಾಲಿಗೆ ಬೆಲ್ಲವನ್ನೋ ಸಕ್ಕರೆಯನ್ನೋ ಹಾಕದೆ ಕೊಡುವದು ಕೆಲವು ಅಜ್ಜಿಯರಿಗೆ ಜಿಪುಣತನವಾಗಿ ತೋರುವದು. ಬೆಲ್ಲವು ಮನೆಯದು, ಅದರಿಂದ ಕೇಡಿಲ್ಲವೆಂದೂ ಹೇಳುವರು. ಹಲ್ಲಿನ ಮಟ್ಟಿಗೆ ಬೆಲ್ಲ, ಸಕ್ಕರೆ, ಜೇನುತುಪ್ಪ ಮೂರೂ ಒಂದೇ. ಒಂದು ವರ್ಷ ತುಂಬದ ಶಿಶುವಿಗೆ ಜೇನು ಬೇರೆ ಕಾರಣಕ್ಕಾಗಿಯೂ ವರ್ಜ್ಯವು.

ಹಿಂದೆ ಅನೇಕ ಮನೆಗಳಲ್ಲಿ ಒಳಲೆಯಿತ್ತು. ಅದರಲ್ಲಿ ಹಾಲನ್ನು ಕುಡಿಸಬೇಕಾದರೆ ಯಾರಾದರೊಬ್ಬರು ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಕೂಡ್ರಬೇಕಾಗಿತ್ತು. ಬಾಯಲ್ಲಿಟ್ಟು ಹೊಲಕ್ಕೆ ಹೋಗುವ ಹಾಗಿರಲಿಲ್ಲ. ಒಳಲೆಯನ್ನು ನಾವು ಹೊಗಳುತ್ತಿಲ್ಲ; ಅಳುವ ಮಗುವನ್ನು ಅಂಗಾತ ಮಲಗಿಸಿ ಸುರಿದರೆ ಹಾಲು ಶ್ವಾಸನಾಳವನ್ನು ಸೇರೀತು. ಬಾಟಲಿಗಾದರೋ ಕೂಡ್ರುವವರು ಬೇಡ. ದಿನವೆಲ್ಲಾ ಹೊಲದಲ್ಲಿಯೋ ಸಂಡೂರಿನ ಗಣಿಯ ಕಡೆಯೋ ದುಡಿದು ಬಂದ ತಾಯಿಗೆ ರಾತ್ರಿಯ ಬಾಟಲು ಎಷ್ಟು ದೊಡ್ಡ ಸಹಾಯವೆಂಬುದನ್ನು ನಾವು ಬಲ್ಲೆವು. ಆಕೆಯನ್ನು ದೂಷಿಸುವವರಿಗೆ ನಮ್ಮ ಬೆಂಬಲವಿಲ್ಲ.

ಇದನ್ನೋದಿ ಯಾರೂ ಎದೆಹಾಲನ್ನು ಬಿಡಿಸಬಾರದು. ಮೊದಲ ಆರು ತಿಂಗಳು ಎದೆಹಾಲೇ ಸಾಕು, ನೀರೂ ಬೇಡ. ಆಮೇಲೆ ಅನ್ನಾಹಾರದೊಡನೆ ಎರಡು ವರ್ಷದವರೆಗೂ ಅದಕ್ಕೂ ಮುಂದೆಯೂ ಕೊಡಬಹುದು. ಹಲ್ಲು ಬಂದಮೇಲೆ ರಾತ್ರಿ ಕುಡಿಸುವ ತಾಯಿಯು, ಮಲಗುವ ಮುಂಚೆ ಆ ಹಲ್ಲುಗಳನ್ನು ಶುಚಿಮಾಡಿದರಾಯಿತು. ನಮ್ಮ ದೇಶದಲ್ಲಿ 1992ರ ಕಾನೂನೂ ಅದರ 2003ರ ತಿದ್ದುಪಡಿಯೂ ಹಾಲಿನ ಬಾಟಲಿನ ಜಾಹೀರಾತನ್ನೇ ನಿಷೇಧಿಸಿವೆ.

ಇನ್ನು ‘ಬಿದ್ದುಹೋಗತಕ್ಕವು’ ಎಂಬ ಮಾತು. ಹಾಲುಹಲ್ಲುಗಳು 20. ಮುಂದಿನವು ಸುಮಾರು ಏಳನೆಯ ವರ್ಷದ ಹೊತ್ತಿಗೆ ಬೀಳುವದು ನಿಜ. ಆದರೆ ದವಡೆಯ ಹಾಲುಹಲ್ಲುಗಳು ಹತ್ತು ಹನ್ನೆರಡು ವರ್ಷದವರೆಗೆ ಅನ್ನವನ್ನು ಅಗಿಯಬೇಕು, ಮುಂದೆ ಬರುವ ಹಲ್ಲುಗಳಿಗೆ ಸ್ಥಳವನ್ನೂ ಕಾಯಬೇಕು. ಬಾಚಿಹಲ್ಲುಗಳಿಂದ ಆರಂಭವಾದ ಹುಳುಕು ದವಡೆಗೂ ಹಬ್ಬುವದು. ಹಾಲುಹಲ್ಲಿನ ಬೇರಿನಲ್ಲಿ ಕೀವಾದರೆ ಅದರ ಕೆಳಗೆ ಬೆಳೆಯುತ್ತಿರುವ ಶಾಶ್ವತ ಹಲ್ಲಿಗೂ ಕುಂದು ಬರಬಹುದು. ನೋವಿನಿಂದ ಮಗುವು ಉಣ್ಣದು, ಮಲಗದು. ನಮ್ಮ ವ್ಯಾಕರಣವು ತ ಥ ದ ಧ ನಗಳನ್ನು ದಂತ್ಯಗಳೆಂದು ಕರೆದಿರುವದೂ ಸುಮ್ಮನೆ ಅಲ್ಲ.

ಮಾಡತಕ್ಕದ್ದು ಬಹಳವಿಲ್ಲ. ತಿಂಗಳಿಗೊಮ್ಮೆ ಬೆಳಕಿನಲ್ಲಿ ಮಗುವಿನ ಮೇಲ್ತುಟಿಯನ್ನೆತ್ತಿ ನೋಡಿರಿ. ಒಸಡಿನ ಅಂಚಿನಲ್ಲಿ ಸುಣ್ಣದ ಗೆರೆಯಂತೆ ಬಿಳುಪು ಕಂಡರೆ ಅದೇ ಹುಳುಕಿನ ಮೊದಲ ಗುರುತು. ಆ ಹಂತದಲ್ಲಿ ಅದನ್ನು ತಡೆಯಲೂ ಹಿಂದಿರುಗಿಸಲೂ ಆಗುವದು. ಮೊದಲ ಹಲ್ಲು ಮೂಡಿದಂದಿನಿಂದಲೇ ದಿನಕ್ಕೆರಡಾವರ್ತಿ ದೊಡ್ಡವರೇ ಮೆತ್ತನೆಯ ಬ್ರಷ್ಷಿನಿಂದ ಉಜ್ಜಬೇಕು. ಫ್ಲೋರೈಡುಳ್ಳ ಪೇಸ್ಟು ಮೂರು ವರ್ಷದೊಳಗಿನವರಿಗೆ ಅಕ್ಕಿಕಾಳಿನಷ್ಟು ಸಾಕು. ಹಂಪಿಯಲ್ಲಿ ಸಾಸಿವೆಕಾಳು, ಕಡಲೆಕಾಳು ಎಂಬ ಹೆಸರಿನ ಭಾರಿ ವಿಗ್ರಹಗಳನ್ನು ಕಂಡ ನಮ್ಮವರಿಗೆ ಕಾಳಿನ ಅಳತೆಯನ್ನು ಹೇಳುವಾಗ ಎಚ್ಚರವಿರಬೇಕು. ನಾವು ಹೇಳುವದು ನಿಜವಾದ ಅಕ್ಕಿಕಾಳು! ಬಳ್ಳಾರಿ ಸೀಮೆಯ ಕೆಲವು ಊರುಗಳ ಬಾವಿನೀರಿನಲ್ಲಿ ಫ್ಲೋರೈಡು ಮೊದಲೇ ಹೆಚ್ಚಾಗಿರುವದರಿಂದ, ಅಂಥ ಊರಿನವರು ಪೇಸ್ಟಿನ ವಿಷಯದಲ್ಲಿ ವೈದ್ಯರನ್ನು ಕೇಳುವದೊಳ್ಳೆಯದು. ವರ್ಷ ತುಂಬಿದ ಮಗುವಿಗೆ ಹಾಲನ್ನು ಲೋಟದಲ್ಲಿ ಕಲಿಸಿರಿ. ರಾತ್ರಿಯ ಬಾಟಲನ್ನು ಒಮ್ಮೆಗೇ ಬಿಡಿಸಲಾಗದಿದ್ದರೆ, ವರ್ಷ ದಾಟಿದವರಿಗೆ ಆ ಒಂದು ಬಾಟಲಿನಲ್ಲಿ ಮಾತ್ರ ದಿನದಿನಕ್ಕೆ ಹಾಲನ್ನು ಕಡಿಮೆಮಾಡಿ ನೀರನ್ನು ಹೆಚ್ಚಿಸುತ್ತ ಬಂದು ಕೊನೆಗೆ ಬರಿಯ ನೀರನ್ನು ಕೊಡಬಹುದು.

ಕಂಪ್ಲಿಯ ಆ ಮಗುವನ್ನು ದಂತವೈದ್ಯರಿಗೆ ತೋರಿಸಿದರು. ಮಧ್ಯದ ಎರಡು ಹಲ್ಲುಗಳನ್ನು ಉಳಿಸಲಾಗಲಿಲ್ಲ. ಪಕ್ಕದ ಎರಡಕ್ಕೂ ಒಂದು ದವಡೆಹಲ್ಲಿಗೂ ಬೆಳ್ಳಿಯ ಅಂಶವುಳ್ಳ ಒಂದು ದ್ರಾವಣವನ್ನು ಸವರಿದರು. ಸಿಲ್ವರ್ ಡೈಅಮೈನ್ ಫ್ಲೋರೈಡ್ ಎಂಬ ಇದನ್ನು ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿದೆ. ಕೊರೆಯುವ ಕಷ್ಟವಿಲ್ಲದೆ ಹುಳುಕು ನಿಲ್ಲುವದು, ಆದರೆ ಸವರಿದ ಸ್ಥಳವು ಕಪ್ಪಾಗುವದು. ಜನರೇನೆಂದಾರೆಂದು ಅತ್ತೆಯವರು ಬಹಳ ಹಿಂಜರಿದರು. ಸೊಸೆಯು ಈ ಸಾರಿ ತಾನೇ ನಿಶ್ಚಯಿಸಿದಳು. ಬಾಟಲನ್ನು ತೆಗೆದಮೇಲೆ ಮಗುವು ಐದು ರಾತ್ರಿ ಅತ್ತಿತಂತೆ. ಆರನೆಯ ರಾತ್ರಿ ಅತ್ತೆಯವರೇ ಅದನ್ನು ಹೆಗಲಿಗೆ ಹಾಕಿಕೊಂಡು ಅಂಗಳದಲ್ಲಿ ತಿರುಗಾಡಿದರೆಂದೂ, ಮಗುವು ಎರಡು ಗುಟುಕು ನೀರು ಕುಡಿದು ಬೆಳಗಿನ ತನಕ ಮಲಗಿತೆಂದೂ ಆಕೆಯು ನಮಗೆ ಬರೆದಿದ್ದಾಳೆ.