ಗೆಳತಿ ಮೆಟ್ಟಿಲು ಹತ್ತಲಿ, ನೀವು ಕೇಬಲ್ ಕಾರ್ ಏರಿ

ಮಂಡಿನೋವಿನ ವಿಚಾರವನ್ನು ಗೆಳತಿಗೆ ಇನ್ನೂ ಹೇಳಿಲ್ಲ ಎಂದು ಬರೆದಿದ್ದೀರಿ. ಅವರ ಉತ್ಸಾಹಕ್ಕೆ ತಣ್ಣೀರೆರಚಬಾರದೆಂಬ ನಿಮ್ಮ ಮನಸ್ಸು ಅರ್ಥವಾಗುತ್ತದೆ. ಆದರೆ ಚೀನಾದ ಹ್ವಾಂಗ್‌ಶಾನ್ ಎಂದರೆ ಸಾವಿರಾರು ಕಲ್ಲುಮೆಟ್ಟಿಲುಗಳ ಬೆಟ್ಟ. ಅಲ್ಲಿ ನಿಂತು ಹೇಳಿದರೆ ಇಬ್ಬರಿಗೂ ಬೇಸರ.

ಬೆಟ್ಟವನ್ನೇ ಕೈಬಿಡಬೇಕಿಲ್ಲ. ಅವರು ಹತ್ತಲಿ, ನೀವು ಕೇಬಲ್ ಕಾರಿನಲ್ಲಿ ಹೋಗಿ. ಮೇಲೆಯೂ ಏರಿಳಿತವಿದೆ, ಹಾಗಾಗಿ ನಿಲ್ದಾಣಕ್ಕೆ ಹತ್ತಿರದ ಹೋಟೆಲನ್ನೇ ಆರಿಸಿ. ಬಾಡಿಗೆ ದುಬಾರಿ, ಆದರೂ ಒಂದು ರಾತ್ರಿ ಮೇಲೆಯೇ ತಂಗಿ. ಕಣಿವೆ ತುಂಬಿದ ಮೋಡದಾಚೆ ಸೂರ್ಯ ಮೂಡಿದರೆ ಅದನ್ನು ಇಬ್ಬರೂ ಒಟ್ಟಿಗೆ ನೋಡಬೇಕು. ಅಲ್ಲಿನ ವೈಫೈನಲ್ಲಿ ವಾಟ್ಸ್‌ಆ್ಯಪ್ ನಡೆಯದು. ವೀಚಾಟ್ ಹಾಕಿಕೊಳ್ಳಿ, ಸೇರುವ ಜಾಗ ಮತ್ತು ಹೊತ್ತನ್ನು ಬೆಳಿಗ್ಗೆಯೇ ಗೊತ್ತುಮಾಡಿ.

ಮುಂದಿನ ಎರಡು ದಿನ ನಿಮ್ಮ ನಡಿಗೆಯ ವೇಗಕ್ಕಿರಲಿ. ಹತ್ತಿರದ ಹೊಂಗ್‌ಚುನ್ ಮತ್ತು ಶಿದಿ 2000ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಹಳೆಯ ಹಳ್ಳಿಗಳು. ಹೊಂಗ್‌ಚುನ್‌ನಲ್ಲಿ ಬಿಳಿ ಗೋಡೆ, ಕಪ್ಪು ಹೆಂಚಿನ ಮನೆಗಳ ಪಕ್ಕದಲ್ಲೇ ಕಿರುಗಾಲುವೆ ಹರಿಯುತ್ತದೆ. ನಡುವೆ ಅರ್ಧಚಂದ್ರಾಕಾರದ ಕೊಳ. ಪ್ರವಾಸಿಗರ ಗುಂಪು ಬರುವ ಮುನ್ನ, ಮುಂಜಾನೆ ಅಲ್ಲಿ ಕೂತಿರಿ. ಮಂಡಿಗೂ ಹಿತ.

ಟಿಕೆಟ್ ಕಾಯ್ದಿರಿಸುವ ಮೊದಲು, ಇಂದೇ ಗೆಳತಿಗೆ ಫೋನ್ ಮಾಡಿ.