ಎಡಿಎಚ್‌ಡಿ ಮಗು: ಮೊದಲ ಪಾಠ ಅಪ್ಪ ಅಮ್ಮನಿಗೆ

ಕೂತಲ್ಲಿ ಕೂರದ, ಹೇಳಿದ್ದನ್ನು ಅರ್ಧ ಕೇಳಿಸಿಕೊಂಡು ಓಡುವ ನಾಲ್ಕೈದು ವರ್ಷದ ಮಗುವಿಗೆ ಎಡಿಎಚ್‌ಡಿ (ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ) ಇದೆ ಎಂದು ಗೊತ್ತಾದರೆ ಮೊದಲು ಬೇಕಾದದ್ದು ಮಾತ್ರೆಯಲ್ಲ, ಹೆತ್ತವರ ತರಬೇತಿ. ಬ್ರಿಟನ್ನಿನ ‘ನೈಸ್’ ಸಂಸ್ಥೆ 2018ರಲ್ಲಿ, ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2019ರಲ್ಲಿ ಹೊರಡಿಸಿದ ಮಾರ್ಗಸೂಚಿಗಳೂ ಇದನ್ನೇ ಹೇಳುತ್ತವೆ. ಆ ತರಬೇತಿಯ ತಿರುಳು ಇಲ್ಲಿದೆ.

1. ತಪ್ಪು ನಿಮ್ಮದೆಂದು ಕೊರಗಬೇಡಿ. ಎಡಿಎಚ್‌ಡಿ ಮೆದುಳಿನ ಬೆಳವಣಿಗೆಗೆ ಸಂಬಂಧಿಸಿದ್ದು. ‘ಮುದ್ದು ಮಾಡಿ ಕೆಡಿಸಿದಿರಿ’ ಎನ್ನುವ ನೆಂಟರ ಮಾತಿಗೆ ಕಿವಿಗೊಡಬೇಡಿ.

2. ದಿನಕ್ಕೆ ಐದು ನಿಮಿಷ ಮಗುವಿನ ಆಟಕ್ಕೆ ಮೀಸಲಿಡಿ. ಅಮೆರಿಕದ ಮನಶ್ಶಾಸ್ತ್ರಜ್ಞೆ ಶೀಲಾ ಐಬರ್ಗ್ 1970ರ ದಶಕದಲ್ಲಿ ರೂಪಿಸಿದ ಪದ್ಧತಿಯೊಂದರಲ್ಲಿ ತಾಯಿ ಮಗುವಿನೊಡನೆ ಆಡುತ್ತಿರುತ್ತಾಳೆ. ಕನ್ನಡಿಯ ಆಚೆ ಕೂತ ಚಿಕಿತ್ಸಕರು ಅವಳ ಕಿವಿಯಲ್ಲಿರುವ ಇಯರ್‌ಫೋನಿಗೆ ಆಗಿಂದಾಗ್ಗೆ ಹೇಳಿಕೊಡುತ್ತಾರೆ: ಪ್ರಶ್ನೆ ಬೇಡ, ಅಪ್ಪಣೆ ಬೇಡ, ಆಕ್ಷೇಪ ಬೇಡ. ಮಗು ಮಾಡುತ್ತಿರುವುದನ್ನೇ ಮಾತಲ್ಲಿ ಹೇಳಿ, ‘ಓ, ಕೆಂಪು ಕಾರು ಮುಂದೆ ಬಂತು!’ ಎಂದು. ಕೇಳಲು ಸುಲಭ. ಬೆಳಗಿನಿಂದ ಗದರಿ ಗದರಿ ಸಾಕಾದ ತಾಯಿಗೆ ಇದು ಎಷ್ಟು ಕಷ್ಟವೆಂದು ಮಾಡಿ ನೋಡಿದವರಿಗೇ ಗೊತ್ತು. ಆದರೂ ಬಿಡಬೇಡಿ, ಉಳಿದ ಸೂತ್ರಗಳೆಲ್ಲ ಈ ಐದು ನಿಮಿಷದ ನಂಟಿನ ಮೇಲೆ ನಿಂತಿವೆ.

3. ಏನನ್ನು ಮೆಚ್ಚಿದಿರೆಂದು ಬಿಡಿಸಿ ಹೇಳಿ. ‘ಜಾಣ’ ಅಂದರೆ ಸಾಲದು. ‘ಚಪ್ಪಲಿ ಜೋಡಿಸಿಟ್ಟೆಯಲ್ಲ ಪುಟ್ಟಾ, ತುಂಬಾ ಖುಷಿಯಾಯ್ತು’ ಅನ್ನಿ. ಆ ಕ್ಷಣದಲ್ಲೇ ಅನ್ನಿ. ಸಂಜೆ ಕೊಡುವ ಚಾಕೊಲೇಟು ಬೆಳಗಿನ ಒಳ್ಳೆಯ ಕೆಲಸಕ್ಕೆಂದು ಈ ಮಗುವಿಗೆ ಹೊಳೆಯುವುದಿಲ್ಲ.

4. ಒಂದು ಸಲಕ್ಕೆ ಒಂದೇ ಕೆಲಸ ಹೇಳಿ. ‘ಸ್ನಾನ ಮಾಡಿ, ಯೂನಿಫಾರ್ಮ್ ಹಾಕಿಕೊಂಡು, ತಿಂಡಿಗೆ ಬಾ’ ಎಂದು ಅಡುಗೆಮನೆಯಿಂದ ಕೂಗಿದರೆ ಮೂರೂ ಆಗುವುದಿಲ್ಲ. ಹತ್ತಿರ ಹೋಗಿ, ಟಿವಿ ಆರಿಸಿ, ಕಣ್ಣಿಗೆ ಕಣ್ಣಿಟ್ಟು ಹೇಳಿ. ಐದು ಸೆಕೆಂಡ್ ಸುಮ್ಮನಿರಿ. ‘ಓಡಬೇಡ’ ಎನ್ನುವುದಕ್ಕಿಂತ ‘ನಡೆದುಕೊಂಡು ಬಾ’ ಎನ್ನುವುದು ಮೇಲು.

5. ರಂಪ ಹೆಚ್ಚಾದರೆ ಧೈರ್ಯಗೆಡಬೇಡಿ. ಸಣ್ಣಪುಟ್ಟ ಹಟಕ್ಕೆ ಗಮನ ಕೊಡುವುದನ್ನು ನಿಲ್ಲಿಸಿದಾಗ ಮೊದಮೊದಲು ಕೂಗಾಟ ಜೋರಾಗುತ್ತದೆ. ಆಗಲೇ ಮೊಬೈಲ್ ಕೈಗಿಟ್ಟರೆ, ಇನ್ನಷ್ಟು ಜೋರಾಗಿ ಕಿರುಚಿದರೆ ಸಿಗುತ್ತದೆಂದು ಮಗು ಕಲಿಯುತ್ತದೆ.

6. ಹೊಡೆಯಬೇಡಿ. ಹೊಡೆತ ಗಮನವನ್ನು ಕಲಿಸುವುದಿಲ್ಲ, ಹೆದರಿಕೆಯನ್ನು ಕಲಿಸುತ್ತದೆ.

7. ಅಜ್ಜಿ ತಾತನನ್ನೂ ಜತೆಗೆ ಸೇರಿಸಿಕೊಳ್ಳಿ. ಅಮ್ಮ ಬೇಡವೆಂದದ್ದನ್ನು ಅಜ್ಜಿ ಕೊಟ್ಟರೆ ವಾರದ ಶ್ರಮ ನೀರುಪಾಲು. ಶಾಲೆಯ ಟೀಚರಿಗೂ ತಿಳಿಸಿ.

8. ಎರಡು ವಾರಕ್ಕೇ ಕೈಬಿಡಬೇಡಿ. ತರಬೇತಿಗೆ ಸಾಮಾನ್ಯವಾಗಿ ಚಿಕಿತ್ಸಕರೊಡನೆ 8ರಿಂದ 16 ಭೇಟಿಗಳು ಬೇಕು; ಭೇಟಿಗಿಂತ ಮನೆಯ ಅಭ್ಯಾಸ ದೊಡ್ಡದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವೇ ಇದೆ. ದೂರದ ಊರಿನವರು ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಹತ್ತಿರದಲ್ಲಿ ಯಾರನ್ನು ಕಾಣಬೇಕೆಂದು ಕನ್ನಡದಲ್ಲೇ ಕೇಳಬಹುದು. ಕರೆ ಉಚಿತ.